ಚೀಟಿ ಇಲ್ಲದೆ ಹೋದ ಮಾರ್ಕ್ಸ್ ಕಾರ್ಡ್

ಒಂದು ಹತ್ತು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಮನೆಯಲ್ಲಿ ಪಿಯುಸಿ ಪಾಸಾದ ಮಗನೋ ಮಗಳೋ ತಂಗಿಯೋ ಇದ್ದರೆ ಅವರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ, ಮುಖ್ಯವಾದ ವಿಷಯ ಮಧ್ಯದಲ್ಲೇ ಇದೆ!

ಕಡೂರಿನಲ್ಲಿ ವಜೀರ್ ಸಾಬ್ ಅವರದ್ದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತಿ ಮತ್ತೆ ಓಡುವಂತೆ ಮಾಡುವುದು ಅವರ ಕೆಲಸ. ಅಜ್ಜಂಪುರ, ತರೀಕೆರೆ ಕಡೆಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಕಾರಣ, ಅವರು ಎರಡು ಮಾತಿಗೆ ತಪ್ಪುವುದಿಲ್ಲ. ಚೀಟಿ ಇಲ್ಲದೆ ಮೋಟರ್ ಒಳಗೆ ತೆಗೆದುಕೊಳ್ಳುವುದಿಲ್ಲ. ಯಾರದು, ಯಾವ ಊರು, ಯಾವತ್ತು ಬಂತು ಎಂದು ಬರೆದು ಅರ್ಧ ಚೀಟಿ ಮೋಟರಿಗೆ ಕಟ್ಟಿ, ಇನ್ನರ್ಧ ತಂದವರ ಕೈಗೆ ಕೊಡುತ್ತಾರೆ. ಎದುರಿಗೇ ಓಡಿಸಿ ತೋರಿಸದೆ ಹೊರಗೂ ಕಳಿಸುವುದಿಲ್ಲ.

ಇಷ್ಟು ಹುಷಾರಾದ ಮನುಷ್ಯ ಮಾಡಿದ ತಪ್ಪಿನ ಕಥೆ ಇದು.

ಗುರುವಾರ ಬೆಳಿಗ್ಗೆ ನಿಶ್ಚಿತಾ ಅಂಗಡಿಗೆ ಬಂದಳು. ಅವಳ ಊರು ಅಜ್ಜಂಪುರದ ಹತ್ತಿರದ ಹಳ್ಳಿ. ಕಡೂರಿನ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಾಳೆ.

"ವಜೀರ್ ಮಾವ, ನಮ್ಮಪ್ಪನ ಮೋಟ್ರು ರೆಡಿ ಆಯ್ತಾ? ನೋಡ್ಕಂಡ್ ಬಾ ಅಂದ್ರು."

"ಚೀಟಿ ತೋರ್ಸಮ್ಮ."

"ಅಯ್ಯೋ, ನಾನ್ಯಾರು ಅಂತ ಗೊತ್ತಿಲ್ವಾ ನಿಮ್ಗೆ?"

"ನೀನ್ ಗೊತ್ತು. ನಿಮ್ಮಪ್ಪನ ಮೋಟ್ರು ಗೊತ್ತಾಗ್ಬೇಕಲ್ಲ. ಚೀಟಿ ತೆಗಿ."

ನಿಶ್ಚಿತಾ ನಗುತ್ತಾ ಚೀಟಿ ಕೊಟ್ಟಳು. ಆಗ ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅಲ್ಮಾಸ್ ಕಂಡಳು. ಅಲ್ಮಾಸ್ ವಜೀರ್ ಸಾಬರ ಮಗಳು. ಈ ವರ್ಷ ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿದ್ದಾಳೆ. ಅಪ್ಪನ ಜೊತೆ ತಂತಿಯ ಸುತ್ತು ಎಣಿಸುತ್ತಲೇ ಬೆಳೆದವಳು. ಮೋಟರ್ ಯಾಕೆ ತಿರುಗುತ್ತದೆ ಎಂದು ತಿಳಿಯಬೇಕು, ಫಿಸಿಕ್ಸ್ ಓದಬೇಕು ಎಂಬುದೊಂದೇ ಅವಳ ಹಟ.

"ಯಾಕೇ ಅಲ್ಮಾಸ್, ಮುಖ ಸುಟ್ಟ ಕಾಯ್ಲ್ ಥರ ಆಗೈತೆ? ನಮ್ ಕಾಲೇಜಿಗೆ ಅಡ್ಮಿಷನ್ ಮಾಡ್ಸಿದ್ಯಾ? ಶನಿವಾರ ಕೊನೇ ದಿನ ಕಣೇ."

"ಅಬ್ಬಾನ್ನೇ ಕೇಳು" ಎಂದಳು ಅಲ್ಮಾಸ್, ತಲೆ ಎತ್ತದೆ.

ವಜೀರ್ ಸಾಬ್ ಸ್ಪ್ಯಾನರ್ ಕೆಳಗಿಟ್ಟರು. "ಸೀಟ್ ಆಗೋಯ್ತು ಬಿಡಮ್ಮ. ಸೋಮವಾರ ಒಬ್ರು ಅಂಗಡಿಗೇ ಬಂದಿದ್ರು, ಟೈ ಕಟ್ಕಂಡು. ಯೂನಿವರ್ಸಿಟಿ ಗೋಜೇ ಬೇಡ, ನಮ್ಮಲ್ಲೇ ಓದಿ ನಮ್ಮಲ್ಲೇ ಡಿಗ್ರಿ, ದಿನಾ ಮನೆ ಬಾಗ್ಲಿಗೇ ಬಸ್ ಕಳಿಸ್ತೀವಿ ಅಂದ್ರು. ಮಾರ್ಕ್ಸ್ ಕಾರ್ಡ್ ಕೊಟ್ಟೆ, ತಗಂಡೋದ್ರು."

"ಜೆರಾಕ್ಸ್ ತಾನೆ?"

"ಒರಿಜಿನಲ್ಲೇ ಬೇಕು ಅಂದ್ರು."

ನಿಶ್ಚಿತಾ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಯಾಕ್ ಮಾವ ಹಿಂಗ್ ಮಾಡಿದ್ರಿ? ಇವ್ಳು ಫಿಸಿಕ್ಸ್ ಫಿಸಿಕ್ಸ್ ಅಂತ ಬಡ್ಕೊತಿದ್ಲಲ್ಲ?"

"ಓದ್ಲಿ ಅಂತ ನಂಗೂ ಆಸೆ ಐತೆ. ಆದ್ರೆ ಯೂನಿವರ್ಸಿಟಿ ಅಂದ್ರೆ ಶಂಕರಘಟ್ಟ. ನಾನ್ ನೋಡಿದೀನಿ. ಲಕ್ಕವಳ್ಳಿ ಡ್ಯಾಮ್ ಕಡೆ ಪಂಪ್ ರಿಪೇರಿಗೆ ಹೋಗಿದ್ದೆ. ಕಾಡ್ ಪಕ್ಕ ಎಂಥಾ ಬಿಲ್ಡಿಂಗು! ಇಲ್ಲಿಂದ ದಿನಾ ಅಲ್ಲಿಗ್ ಹೋಗಿ ಬರಾಕಾಯ್ತದಾ ಈ ಮಗು ಕೈಲಿ?"

ನಿಶ್ಚಿತಾಗೆ ನಗು ತಡೆಯಲಾಗಲಿಲ್ಲ. "ಮಾವ, ನಾನ್ ಹೋದ್ ವರ್ಷದಿಂದ ಅದೇ ಯೂನಿವರ್ಸಿಟೀಲಿ ಓದ್ತಿದೀನಿ. ಶಂಕರಘಟ್ಟ ನೋಡಿರೋದು ಒಂದೇ ಸಲ, ಅದೂ ಕಬಡ್ಡಿ ಮ್ಯಾಚಿಗೆ. ಸೋತು ಬಂದ್ವಿ."

"ಏನಮ್ಮ ಹಂಗಂದ್ರೆ?"

ಕೇಳಿ, ಮುಖ್ಯವಾದ ಮಾತು ಇದೇ. ನಮ್ಮಲ್ಲಿ ಬಹಳ ಜನರಿಗೆ ಯೂನಿವರ್ಸಿಟಿ ಎಂದರೆ ಆ ದೊಡ್ಡ ಕಟ್ಟಡ ಮಾತ್ರ. ಹಾಗಲ್ಲ. ಶಂಕರಘಟ್ಟದಲ್ಲಿರುವುದು ನಮ್ಮ ಕಡೆಯ ಯೂನಿವರ್ಸಿಟಿಯ ಮುಖ್ಯ ಕ್ಯಾಂಪಸ್. ಅದಕ್ಕೆ ಸೇರಿದ ಕಾಲೇಜುಗಳು ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಹರಡಿಕೊಂಡಿವೆ.

"ಪಾಠ ಮಾಡೋದು ಇಲ್ಲೇ, ನಮ್ ಕಾಲೇಜಲ್ಲಿ" ಎಂದಳು ನಿಶ್ಚಿತಾ. "ಏನ್ ಪಾಠ ಮಾಡ್ಬೇಕು ಅಂತ ಹೇಳೋದು ಯೂನಿವರ್ಸಿಟಿ. ಆರ್ ತಿಂಗ್ಳಿಗೊಂದ್ ಸೆಮಿಸ್ಟರ್ರು, ಪರೀಕ್ಷೆ ಮಾಡೋದೂ ಅವ್ರೇ. ಕೊನೇಗೆ ಡಿಗ್ರಿ ಸರ್ಟಿಫಿಕೇಟ್ ಮೇಲೆ ಅವರ್ದೇ ಸೀಲು."

ವಜೀರ್ ಸಾಬ್ ಸುಮ್ಮನೆ ಒಪ್ಪುವವರಲ್ಲ. ಮೋಟರಿಗೆ ಲೋಡ್ ಹಾಕಿ ನೋಡುವ ಹಾಗೆ ಒಂದೊಂದೇ ಪ್ರಶ್ನೆ ಹಾಕಿದರು.

"ಹಳ್ಳಿ ಕಾಲೇಜಲ್ಲಿ ಓದಿದೋರ್ಗೆ ಕಮ್ಮಿ ಡಿಗ್ರಿ ಕೊಡ್ತಾರಾ?"

"ಡಿಗ್ರೀಲಿ ಕಮ್ಮಿ ಜಾಸ್ತಿ ಎಲ್ ಬಂತು ಮಾವ? ಶಿವಮೊಗ್ಗದೋರ್ಗೂ ಅದೇ, ನಂಗೂ ಅದೇ."

"ಮುಂದೆ ಎಂ.ಎಸ್ಸಿ. ಓದ್ತೀನಿ ಅಂದ್ರೆ?"

"ಆಗ ಬೇಕಾದ್ರೆ ಶಂಕರಘಟ್ಟ. ಹಾಸ್ಟೆಲ್ ಐತೆ. ಕೆಲವು ವಿಷ್ಯಕ್ಕೆ ಕಡೂರಲ್ಲೇ ಅವರ್ದೊಂದು ಸೆಂಟರ್ ಐತೆ. ಅದು ಮೂರ್ ವರ್ಷ ಆದ್ಮೇಲಿನ ಮಾತು, ಈಗ್ಲೇ ಯಾಕ್ ಹೆದರ್ತೀರಾ?"

"ಸ್ಕಾಲರ್‌ಶಿಪ್ಪು?"

"ಅರ್ಜಿ ಹಾಕ್ಬೇಕು. ಹಾಕೋದ್ ಹೆಂಗೆ ಅಂತ ಕಾಲೇಜ್ ಆಫೀಸಲ್ಲೇ ಹೇಳ್ತಾರೆ."

"ಹಂಗಾದ್ರೆ ಆ ಟೈ ಕಟ್ಟಿದೋನ ಕಾಲೇಜು?"

ಇದಕ್ಕೆ ಉತ್ತರ ಕೊಟ್ಟವಳು ಅಲ್ಮಾಸ್. ಅಷ್ಟೊತ್ತಿಗೆ ಅವಳು ಫೋನಿನಲ್ಲಿ ಯೂನಿವರ್ಸಿಟಿ ವೆಬ್‌ಸೈಟ್ ತೆಗೆದು, ಅಲ್ಲಿದ್ದ ಕಾಲೇಜುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದ್ದಳು. "ಅಬ್ಬಾ, ಅವರ ಹೆಸರೇ ಇಲ್ಲ ಇದ್ರಲ್ಲಿ. ಅವ್ರು ಕೊಟ್ಟ ಪಾಂಪ್ಲೆಟಲ್ಲೂ ಯಾವ ಯೂನಿವರ್ಸಿಟಿ ಹೆಸ್ರೂ ಇಲ್ಲ."

ವಜೀರ್ ಸಾಬ್ ಆ ಪಾಂಪ್ಲೆಟ್ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಿಶ್ಚಿತಾ ಮೆಲ್ಲಗೆ, ತಮಾಷೆ ಬಿಟ್ಟು ಕೇಳಿದಳು.

"ಮಾವ, ನಮ್ಮಪ್ಪನ ಮೋಟ್ರಿಗೆ ಚೀಟಿ ಕಟ್ಟಿದೀರಿ. ಇವಳ ಮಾರ್ಕ್ಸ್ ಕಾರ್ಡಿಗೆ ಚೀಟಿ ಎಲ್ಲಿ?"

ಚೀಟಿ ಇರಲಿಲ್ಲ. ಮನೆಗೆ ಸುದ್ದಿ ಹೋದಾಗ ತಾಯಿ ಮೆಹರುನ್ನೀಸಾ ಅಂದದ್ದು ಒಂದೇ ಮಾತು: "ತುಕ್ಕು ಹಿಡಿದ ಮೋಟ್ರಿಗಿರೋ ಮರ್ಯಾದೆ ನನ್ ಮಗಳ ಓದಿಗಿಲ್ವೇನ್ರೀ?"

ಮಾರ್ಕ್ಸ್ ಕಾರ್ಡ್ ನೋಡದೆ ಕಾಲೇಜಿನಲ್ಲಿ ಸೀಟು ಖಚಿತ ಮಾಡುವುದಿಲ್ಲ. ಶನಿವಾರ ತಪ್ಪಿದರೆ ಅಲ್ಮಾಸ್ ಒಂದು ವರ್ಷ ಮನೆಯಲ್ಲಿ. ಶುಕ್ರವಾರ ಬೆಳಿಗ್ಗೆ ವಜೀರ್ ಸಾಬ್ ಅಂಗಡಿಗೆ ಬೀಗ ಹಾಕಿದರು. ಜೇಬಿನಲ್ಲಿ ಚೀಟಿ ಪುಸ್ತಕ ಇಟ್ಟುಕೊಂಡು ಮಗಳ ಜೊತೆ ಬಸ್ ಹತ್ತಿದರು.

ಟೈ ಕಟ್ಟಿದವನ ಕಾಲೇಜಿಗೆ ಒಂದೂವರೆ ಗಂಟೆಯ ದಾರಿ. ಊರಿನ ಹೆಸರು ಬೇಡ ಬಿಡಿ. ಹೊರಗೆ ಬೋರ್ಡ್ ದೊಡ್ಡದು, ಒಳಗೆ ಎರಡೇ ಕೋಣೆ. ಲ್ಯಾಬ್ ಎಲ್ಲಿ ಎಂದು ಅಲ್ಮಾಸ್ ಕೇಳಿದರೆ "ಮುಂದಿನ ವರ್ಷ ಬರುತ್ತೆ" ಎಂದರು. ಕೌಂಟರಿನಲ್ಲಿ ಅದೇ ಟೈ ಕಟ್ಟಿದ ಮನುಷ್ಯ.

"ಕಾರ್ಡ್ ಹೆಡ್ ಆಫೀಸಿಗೆ ಹೋಗಿದೆ. ಸೋಮವಾರ ಬನ್ನಿ."

"ನಾಳೆ ಕೊನೇ ದಿನ ಸಾರ್. ಇವತ್ತೇ ಬೇಕು" ಎಂದಳು ಅಲ್ಮಾಸ್.

"ನಿಮ್ಮ ತಂದೆಯವರೇ ಒಪ್ಪಿ ಕೊಟ್ಟಿರೋದಮ್ಮ."

"ಅವ್ರು ಒಪ್ಪಿದ್ರು. ಓದೋಳು ನಾನು. ನಾನ್ ಒಪ್ಪಿಲ್ಲ. ಒರಿಜಿನಲ್ ನೋಡ್ಬಿಟ್ಟು ವಾಪಸ್ ಕೊಡ್ಬೇಕು, ಇಟ್ಕೊಳ್ಳೋ ಹಂಗಿಲ್ಲ."

"ಸೋಮವಾರ ಅಂದ್ನಲ್ಲ."

ವಜೀರ್ ಸಾಬ್ ಜಗಳ ಆಡಲಿಲ್ಲ. ಚೀಟಿ ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟರು. ಪಕ್ಕದಲ್ಲಿ ಪೆನ್ನು ಇಟ್ಟರು.

"ಆಯ್ತು ಸಾರ್. ಒಂದ್ ಚೀಟಿ ಬರ್ಕೊಡಿ. ಏನ್ ತಗಂಡ್ರಿ, ಯಾರ್ದು, ಯಾವತ್ತು ತಗಂಡ್ರಿ, ಇವತ್ತ್ಯಾಕೆ ಕೊಡ್ತಿಲ್ಲ. ಕೆಳ್ಗೆ ಯಾವ ಯೂನಿವರ್ಸಿಟಿ ಅಂತ ಬರ್ದು ಸೈನ್ ಹಾಕಿ. ನಮ್ಮಂಗಡೀಲಿ ಕೆಟ್ಟೋಗಿರೋ ಮೋಟ್ರಿಗೂ ಇಷ್ಟ್ ಬರ್ಕೊಡ್ತೀನಿ ನಾನು."

ಆತ ಪೆನ್ನು ಹಿಡಿದ. ಒಂದೆರಡು ಸಾಲು ಬರೆದ. ಯಾವ ಯೂನಿವರ್ಸಿಟಿ ಎಂದು ಬರೆಯುವ ಜಾಗ ಬಂತು, ಪೆನ್ನು ನಿಂತಿತು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಇನ್ನಿಬ್ಬರು ತಂದೆಯರು ಎದ್ದು ಬಂದು ಬಗ್ಗಿ ನೋಡತೊಡಗಿದರು.

"ನಮ್ಗೂ ಒಂದ್ ಚೀಟಿ ಬರ್ಕೊಡಿ" ಎಂದರು ಅದರಲ್ಲೊಬ್ಬರು.

ಆತ ಪೆನ್ನು ಕೆಳಗಿಟ್ಟು ಒಳಗೆ ಹೋದ. ಹೆಡ್ ಆಫೀಸಿಗೆ ಹೋಗಿದ್ದ ಕಾರ್ಡು ಎರಡೇ ನಿಮಿಷದಲ್ಲಿ ಒಳಗಿನ ಬೀರುವಿನಿಂದ ಬಂತು!

ಶನಿವಾರ ಕಾಲೇಜು ಬಾಗಿಲು ತೆರೆಯುವ ಮೊದಲೇ ಅಪ್ಪ ಮಗಳು ಗೇಟಿನಲ್ಲಿ ನಿಂತಿದ್ದರು. ಆಫೀಸಿನವರು ಒರಿಜಿನಲ್ ನೋಡಿ, ಜೆರಾಕ್ಸ್ ಇಟ್ಟುಕೊಂಡು, ಕಾರ್ಡನ್ನು ಅಲ್ಲೇ ವಾಪಸ್ ಕೊಟ್ಟರು. ರಸೀದಿಯನ್ನೂ ಕೊಟ್ಟರು. ವಜೀರ್ ಸಾಬ್ ಆ ರಸೀದಿಯನ್ನು ಮೂರು ಸಲ ಓದಿ ಮಗಳ ಕೈಗಿಟ್ಟರು.

"ಇದು ನಿನ್ ಚೀಟಿ ಬೇಟಾ. ಮೂರ್ ವರ್ಷ ಆದ್ಮೇಲೆ ಡಿಗ್ರಿ ಬಿಡಿಸ್ಕೊಂಡ್ ಬಾ."

ಈಗ ನಿಮ್ಮ ಸರದಿ. ಕಡೂರು, ತರೀಕೆರೆ, ಅಜ್ಜಂಪುರ, ನೀವು ಎಲ್ಲೇ ಇರಿ, ಯೂನಿವರ್ಸಿಟಿ ದೂರ ಎಂದು ಕೈಬಿಡಬೇಡಿ. ಹತ್ತಿರದ ಸರ್ಕಾರಿ ಡಿಗ್ರಿ ಕಾಲೇಜಿಗೆ ಒಂದು ಸಲ ಹೋಗಿ. ಯಾವ ವಿಷಯ ಇದೆ, ಕೊನೆಯ ದಿನ ಯಾವುದು, ಸ್ಕಾಲರ್‌ಶಿಪ್ ಹೇಗೆ ಎಂದು ನಾಚಿಕೆ ಬಿಟ್ಟು ಕೇಳಿ. ಯಾವುದೇ ಕಾಲೇಜಿಗೆ ಸೇರುವ ಮುಂಚೆ ಅದು ಯೂನಿವರ್ಸಿಟಿಯ ಪಟ್ಟಿಯಲ್ಲಿದೆಯೇ ಎಂದು ನೋಡಿ. ಒರಿಜಿನಲ್ ಕಾಗದ ತೋರಿಸಿ, ಬಿಟ್ಟು ಬರಬೇಡಿ. ಎಲ್ಲಕ್ಕಿಂತ ಮೊದಲು ಓದುವ ಮಗುವನ್ನು ಕೇಳಿ.

ಅಂದಹಾಗೆ, ಆ ಬೆಂಚಿನ ಮೇಲಿದ್ದ ಇಬ್ಬರು ತಂದೆಯರಲ್ಲಿ ಒಬ್ಬರು ಕಾರ್ಡು ಬಿಡಿಸಿಕೊಂಡೇ ಹೊರಟರು. ಇನ್ನೊಬ್ಬರು "ಇರ್ಲಿ, ಸೋಮವಾರ ಬತ್ತೀನಿ" ಎಂದು ಬರಿಗೈಯಲ್ಲಿ ಹೋದರು. ಆ ಬೆಂಚಿನ ಮೇಲೆ ನೀವು ಕೂತಿದ್ದರೆ ಏನು ಮಾಡುತ್ತಿದ್ದಿರಿ?