ಗಾಳಿ ಕೇಳದವರು

“ಒಳಗಿರೋರು ಕೋಟಿಗಟ್ಲೆ ಇದಾರೆ. ಒಬ್ರಾದ್ರೂ ಗಾಳಿ ಕೇಳಿದಾರೇನೋ? ನಿಂಗೊಬ್ನಿಗೆ ಬೇಕಾ ಗಾಳಿ, ಬೇವರ್ಸಿ ನನ್ಮಗನೆ? ನಿಮ್ಮಪ್ಪ ಮೂಟೆ ಕಟ್ಟಿಟ್ಟು ಹೋಗಿದ್ನಾ?”

ಮೇನೇಜರು ಹೀಗೆ ಕೇಳುವಾಗ ನಮ್ಮ ಭಾವ ಟ್ಯಾಂಕಿನ ಬಾಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಭಾವ ದೊಡ್ಡದೇನೂ ಕೇಳಿರಲಿಲ್ಲ. ಇಳಿಯುವ ಮುಂಚೆ ಬ್ಲೋವರ್ ಇಟ್ಟು ಒಳಗೆ ಒಂದಿಷ್ಟು ಗಾಳಿ ಊದಿಸಿ ಅಂದಿದ್ದ.

“ಸರ್, ಒಳಗಿರೋವು ಕ್ರಿಮಿ. ನಾನು ಮನುಷ್ಯ.”

“ಅದು ನಿನ್ನ ತಪ್ಪು,” ಅಂದರು ಮೇನೇಜರು.

ಊರಿನಲ್ಲಿ ಕೊಳೆತದ್ದೆಲ್ಲ ನಮ್ಮ ಕಾಂಪೌಂಡಿಗೆ ಬರುತ್ತಿತ್ತು. ಸಂತೆಯ ಕೊಳೆತ ತರಕಾರಿ, ಹೋಟೆಲಿನ ಎಂಜಲು, ಕಸಾಯಿಖಾನೆಯ ಕರುಳು. ಅಕ್ಕ ಮತ್ತು ಉಳಿದ ಹೆಂಗಸರು ಅದರಲ್ಲಿ ಕೈಯಾಡಿಸಿ ಗಾಜು, ಪ್ಲಾಸ್ಟಿಕ್ಕು ಹೆಕ್ಕಿ ಹೊರಗೆಸೆದರೆ, ನಾವು ಗಂಡಸರು ಮಿಕ್ಕಿದ್ದನ್ನು ಗೋರಿ ಟ್ಯಾಂಕಿಗೆ ತಳ್ಳುತ್ತಿದ್ದೆವು. ಕುತ್ತಿಗೆವರೆಗೆ ನೆಲದಲ್ಲಿ ಹೂತ, ಮನೆಯಷ್ಟು ದೊಡ್ಡ ಟ್ಯಾಂಕು. ತಲೆಯ ಮೇಲೆ ಕಬ್ಬಿಣದ ಮುಚ್ಚಳ. ಒಳಗಿದ್ದ ಕ್ರಿಮಿಗಳಿಗೆ ನಾವು ‘ಒಳಗಿನವರು’ ಅನ್ನುತ್ತಿದ್ದೆವು.

ಒಳಗಿನವರ ವಿಷಯ ಬಂದರೆ ಮೇನೇಜರ ದನಿ ಮೆತ್ತಗಾಗುತ್ತಿತ್ತು. “ನೋಡ್ರೋ, ಮೊದಲ್ನೇ ಪಾಳಿಯೋರು ಕೊಳೆತದ್ದನ್ನ ಹುಳಿ ಮಾಡ್ತಾರೆ. ಎರಡ್ನೇ ಪಾಳಿಯೋರು ಆ ಹುಳಿ ತಿಂದು ಗ್ಯಾಸ್ ಬಿಡ್ತಾರೆ. ಮಧ್ಯದಲ್ಲಿ ಬೀಡಿ ಇಲ್ಲ, ಟೀ ಇಲ್ಲ, ‘ಮಗೂಗೆ ಜ್ವರ ಸಾರ್’ ಇಲ್ಲ. ಗಾಳಿ ಅಂದ್ರೆ ಅವ್ರಿಗೆ ವಿಷ ಕಣ್ರೋ. ಸೋಕಿದ್ರೆ ಸತ್ತೇಹೋಗ್ತಾರೆ, ಪಾಪ!”

ಆ ಗ್ಯಾಸು ಪೈಪಿನಲ್ಲಿ ನೇರ ಧಣಿಯ ಮನೆಗೆ ಹೋಗುತ್ತಿತ್ತು. ಒಲೆಗೆ ಸ್ವಲ್ಪ, ಉಳಿದದ್ದೆಲ್ಲ ಬಚ್ಚಲಿಗೆ. ಟ್ಯಾಂಕು, ಕಾಂಪೌಂಡು, ಅದರ ಹಿಂದಿನ ನಮ್ಮ ಸಾಲುಮನೆ ಎಲ್ಲವೂ ಧಣಿಯವೇ. ಅವರಿಗಿದ್ದ ಒಂದೇ ಚಟ ಬಿಸಿನೀರು. ಧಣಿ ಸ್ನಾನಕ್ಕೆ ಕೂತರೆ ಬೀದಿಯ ಕೊನೆಯ ಮನೆಯ ಕನ್ನಡಿಯೂ ಮಂಜಾಗುತ್ತಿತ್ತು. ಆ ಮನೆಯವನು ಗಡ್ಡ ಹೆರೆದುಕೊಳ್ಳುವುದನ್ನೇ ಬಿಟ್ಟು ಸನ್ಯಾಸಿಯಂತೆ ಕಾಣತೊಡಗಿದ್ದ.

ಇಷ್ಟಕ್ಕೆಲ್ಲ ಅಡ್ಡ ಬರುತ್ತಿದ್ದದ್ದು ಚಿಂದಿ. ಎಷ್ಟು ಹೆಕ್ಕಿದರೂ ಒಂದಿಷ್ಟು ಒಳಗೆ ಹೋಗಿ, ತಳದಲ್ಲಿ ಕಲಕುವ ರೆಕ್ಕೆಗೆ ಸುತ್ತಿಕೊಳ್ಳುತ್ತಿತ್ತು. ಆಗ ಒಬ್ಬ ಇಳಿದು ಬಿಡಿಸಬೇಕು. ಇಳಿದವನ ತಲೆ ಮರೆಯಾದ ಕೂಡಲೇ ಟ್ಯಾಂಕಿನ ಬಾಯಿಗೆ ಒದ್ದೆ ಗೋಣಿ ಮುಚ್ಚುವುದು ಮೇನೇಜರ ನಿಯಮ. ಒಳಗಿನವರಿಗೆ ಗಾಳಿ ತಾಗಬಾರದಲ್ಲ.

ಗೋಣಿಯ ಕೆಳಗಿರುವವನು ಬದುಕಿದ್ದಾನೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ನಮ್ಮದೊಂದು ಪದ್ಧತಿ ಇತ್ತು. ಇಳಿದವನು ಬಾಯಿ ನಿಲ್ಲಿಸದೆ ಮೇನೇಜರನ್ನು ಬೈಯುತ್ತಿರಬೇಕು. ಬೈಗುಳ ಕೇಳುತ್ತಿರುವವರೆಗೆ ಮೇಲಿನವರು ನಿಶ್ಚಿಂತೆ. ಬೈಗುಳ ನಿಂತರೆ ಎಳೆಯಬೇಕು. ಮೊದಮೊದಲು ಹಾಡು ಹೇಳಿಸಿ ನೋಡಿದ್ದೆವು. ಹಾಡು ಮರೆತುಹೋಗುತ್ತದೆ, ಸುಮ್ಮಸುಮ್ಮನೆ ಎಳೆದುಬಿಡುತ್ತೇವೆ. ಮೇನೇಜರನ್ನು ಬೈಯುವುದು ಯಾರಿಗೂ ಮರೆಯಲಿಲ್ಲ.

ಅದರಲ್ಲಿ ಭಾವನನ್ನು ಮೀರಿಸಿದವರಿಲ್ಲ. ಗಾಳಿ ಕೇಳಿ ಬೈಸಿಕೊಂಡ ಆ ದಿನವೂ ಅವನು ಗೋಣಿಯ ಕೆಳಗಿಂದ ಶುರುಮಾಡಿದ:

“ನಿನ್ ಬಾಯಿಗೆ ಮುಚ್ಚಳ ಹಾಕ, ಮುಚ್ಚಳಕ್ಕೆ ಬೀಗ ಹಾಕ, ಬೀಗದ ಕೈ ನುಂಗ್ಕೊಂಡು ಕಕ್ಕಸಲ್ಲಿ ಹುಡುಕ್ತಾ ಕೂರೋ ಬೋಳಿಮಗನೆ!”

ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಗೂಡಂಗಡಿಯವನು ಅಲ್ಲಿಂದಲೇ “ಇನ್ನೊಂದ್ಸಲ!” ಅಂತ ಕೂಗಿದ. ಮೇನೇಜರು ಎರಡೂ ಕಿವಿ ಮುಚ್ಚಿಕೊಂಡು ಒಳಗಿನವರ ಯೋಗಕ್ಷೇಮದ ಬಗ್ಗೆ ಯೋಚಿಸುತ್ತಾ ನಿಂತಿದ್ದರು.

ಆಮೇಲೊಂದು ದಿನ ದೊಡ್ಡಮನುಷ್ಯರು ಟ್ಯಾಂಕು ನೋಡಲು ಬಂದರು. ನಮ್ಮ ಗ್ಯಾಸಿನಲ್ಲಿ ಒಲೆ ಉರಿಸಿ ತೋರಿಸುವ ಏರ್ಪಾಡು. ಅದೇ ಬೆಳಿಗ್ಗೆ ರೆಕ್ಕೆ ಸಿಕ್ಕಿಕೊಂಡಿತು.

“ಇಳಿ. ಆದ್ರೆ ಇವತ್ತು ಬಾಯಿ ಬಿಟ್ರೆ ಚರ್ಮ ಸುಲೀತೀನಿ. ಮರ್ಯಾದಸ್ಥ ಹೆಂಗಸ್ರು ಬಂದಿದಾರೆ. ನೆಲದೊಳಗಿಂದ ಬೋಳಿಮಗ ಅಂತ ಕೇಳಿಸ್ಬಾರ್ದು,” ಅಂದರು ಮೇನೇಜರು.

“ಹಂಗಾದ್ರೆ ನಾನು ಬದುಕಿದೀನಿ ಅಂತ ಇವ್ರಿಗೆ ಹೆಂಗೆ ಗೊತ್ತಾಗ್ಬೇಕು ಸಾರ್?”

“ಮರ್ಯಾದೆಯಾಗಿ ಬದುಕು.”

ಭಾವ ಇಳಿದ. ಗೋಣಿ ಮುಚ್ಚಿತು. ನಾನು ಹಗ್ಗ ಅಲ್ಲಾಡಿಸಿ ನೋಡಲು ಹೋದರೆ, ಕೋತಿ ಕುಣಿಸಿದಂತೆ ಕಾಣುತ್ತೆ ಅಂತ ಮೇನೇಜರು ಹಗ್ಗವನ್ನು ಬೂಟಿನಡಿ ಮೆಟ್ಟಿ ನಿಂತರು. ಒಲೆ ಉರಿಯಿತು. ಕೈಚೀಲ ಹಿಡಿದ ಒಬ್ಬ ಅಮ್ಮಾವ್ರು ಟ್ಯಾಂಕಿನ ಬಾಯಿಯ ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿ, “ಎಷ್ಟು ಪ್ರಶಾಂತವಾಗಿದೆ ಇಲ್ಲಿ!” ಅಂದರು.

ಅವರು ಟೀಗೆ ಹೋದ ಮೇಲೆ ಬೂಟು ಹಗ್ಗದ ಮೇಲಿಂದ ಎದ್ದಿತು. ನಾವು ಎಳೆದೆವು. ಭಾರವಾಗಿ ಬಂದ. ಅಕ್ಕ ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡು ಬಂದು ಗಂಡನ ಮುಖ ನೋಡಿದಳು.

“ಮದ್ವೆ ಆದಾಗಿಂದ ಇವ್ನ ಬಾಯಿ ಮುಚ್ಚಿದ್ದು ಇದೇ ಮೊದ್ಲು,” ಅಂದಳು.

ಧಣಿ ವಿಚಾರಣೆ ನಡೆಸಿದರು. ಒಳಗೆ ಹೋದವನು ಉಸಿರಾಡಿದ್ದೇ ಸಾವಿಗೆ ಕಾರಣ ಅಂತ ತೀರ್ಮಾನವಾಯಿತು. ಯಾರ ಅಪ್ಪಣೆ ಪಡೆದು ಉಸಿರಾಡಿದ ಅನ್ನುವುದಕ್ಕೆ ನಮ್ಮ ಕಡೆಯಿಂದ ಯಾರಿಗೂ ಉತ್ತರ ಕೊಡಲಾಗಲಿಲ್ಲ.

ಮಾರನೇ ವಾರದಿಂದ ಬೆಳಗಿನ ತರಬೇತಿ ಶುರುವಾಯಿತು. ಮೇನೇಜರು ಹೊಸ ಸೀಟಿ ಕೊಂಡುತಂದರು. ಸೀಟಿ ಊದಿದರೆ ನಾವೆಲ್ಲ ಉಸಿರು ಹಿಡಿದು, ಕೈ ಪಕ್ಕೆಗೆ ಅಂಟಿಸಿ, ಕಂಬದ ಹಾಗೆ ನಿಲ್ಲಬೇಕು. ಮತ್ತೆ ಊದಿದರೆ ಬಿಡಬಹುದು. ಮಧ್ಯದಲ್ಲಿ ಅಲ್ಲಾಡಿದವನಿಗೆ ಅರ್ಧ ಕೂಲಿ.

“ಒಳಗಿನೋರನ್ನ ನೆನೆಸ್ಕೊಳ್ರೋ! ಅವ್ರಿಗಾಗೋದು ನಿಮಗ್ಯಾಕಾಗಲ್ಲ? ಮೂಗಿರೋದೇ ಒಂದು ದುರಭ್ಯಾಸ!”

ನಮ್ಮ ಮುಖಗಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಕೆಮ್ಮಣ್ಣ ಅಂತ ನಾವು ಕರೆಯುತ್ತಿದ್ದ ಹಳಬನೊಬ್ಬನಿದ್ದ, ಈ ಟ್ಯಾಂಕಿಗಾಗಿ ಎದೆ ಹಾಳುಮಾಡಿಕೊಂಡವನು. ಅವನು ಉಸಿರು ಹಿಡಿದರೆ ಕೆಮ್ಮು ಹೊಟ್ಟೆಯೊಳಗೇ ಸಿಡಿದು ಅಂಗಿಯ ಗುಂಡಿ ಹಾರುತ್ತಿತ್ತು. ಒಮ್ಮೆ ಗುಂಡಿ ಹಾರಿ ಮೇನೇಜರ ಕನ್ನಡಕಕ್ಕೆ ಬಡಿಯಿತು. ಬೇಕಂತಲೇ ಕೆಮ್ಮಿದ ಅಂತ ಅವನ ಒಂದು ದಿನದ ಕೂಲಿ ಹೋಯಿತು.

ಅಕ್ಕ ಮಾತ್ರ ಅಲ್ಲಾಡುತ್ತಲೇ ಇರಲಿಲ್ಲ. ಎರಡನೇ ಸೀಟಿ ಆದ ಮೇಲೂ ಉಸಿರು ಬಿಡದೆ ಮೇನೇಜರನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಮೇನೇಜರೇ ಹೆದರಿ, “ಬಿಡಮ್ಮಾ, ಉಸ್ರು ಬಿಡು” ಅನ್ನಬೇಕಾಗುತ್ತಿತ್ತು.

ವರ್ಷದ ಕೊನೆಗೆ ಅತ್ಯುತ್ತಮ ಕೆಲಸಗಾರರ ಪ್ರಶಸ್ತಿ ಕೊಡುವ ಪದ್ಧತಿ ಇತ್ತು. ಆ ವರ್ಷ ಅದು ಒಳಗಿನವರಿಗೆ ಬಂತು.

ಟ್ಯಾಂಕಿನ ಮುಂದೆ ಶಾಮಿಯಾನ ಹಾಕಿದರು. ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ, ಮೆತ್ತೆಯ ಮೇಲೆ, ಬಿರಡೆ ಬಿಗಿದ ಒಂದು ಸೀಸೆ. ಒಳಗೆ ಕರಿಯ ರಾಡಿ. ಅವರೇ ಪ್ರಶಸ್ತಿ ವಿಜೇತರು. ನಾವು ಬಿಸಿಲಲ್ಲಿ ನಿಂತಿದ್ದೆವು. ಅತಿಥಿಗಳ ಮೂಗಿಗೆ ನಾತ ಬಡಿಯದಿರಲಿ ಅಂತ ಪಕ್ಕದಲ್ಲೇ ಒಂದು ಬ್ಲೋವರ್ ಇಟ್ಟಿದ್ದರು. ಹೊಚ್ಚಹೊಸದು. ಆನೆಯ ಸೊಂಡಿಲಿನಷ್ಟು ದಪ್ಪದ ಅದರ ಕೊಳವೆ ಅತಿಥಿಗಳ ಕಡೆಗೆ ಬುಸುಗುಟ್ಟುತ್ತಿತ್ತು.

ಅಕ್ಕ ಆ ಬ್ಲೋವರನ್ನು ನೋಡಿದಳು. ಬೇರೇನನ್ನೂ ನೋಡಲಿಲ್ಲ.

ಧಣಿ ಸೀಸೆಗೆ ಕೈಮುಗಿದು ಮಾತಾಡಿದರು. “ಇವ್ರು ನನ್ನ ಹತ್ರ ಯಾವತ್ತೂ ಏನೂ ಕೇಳ್ಲಿಲ್ಲ. ಕಡೇಪಕ್ಷ ಗಾಳೀನೂ ಕೇಳ್ಲಿಲ್ಲ.” ಮೇನೇಜರು ಸೀಸೆಯನ್ನು ಕಂಕುಳಿಗೇರಿಸಿಕೊಂಡು, “ಈ ಬಿರಡೆ ಯಾರಾದ್ರೂ ಮುಟ್ಟಿದ್ರೆ ಕೊಲೆ ಕೇಸ್ ಹಾಕ್ತೀನಿ” ಅಂತ ನಮ್ಮ ಕಡೆ ಬೆರಳು ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಸೀಸೆ ಏನೂ ಹೇಳಲಿಲ್ಲ. ವಿನಯ ಅಂದರೆ ಅದು ಅಂದರು ಧಣಿ.

ಮಾರನೇ ದಿನ ಬೆಳಿಗ್ಗೆ, ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ, ಧಣಿಯೇ ಓಡಿಬಂದರು. ಸೊಂಟಕ್ಕೆ ಟವೆಲ್ಲು, ಮೈತುಂಬ ಸೋಪಿನ ನೊರೆ.

“ನೀರು ತಣ್ಣಗಿದೆ! ನನ್ನ ಮೈ ಮೇಲೆ ತಣ್ಣೀರು ಬಿತ್ತು ಕಣ್ರೋ ಹಲ್ಕಾಗಳಾ! ಯಾರು ಹೊಣೆ?”

ಮೇನೇಜರು ರಾಡಿಗೆ ಇಳಿಬಿಟ್ಟ ಕೋಲು ಅಲ್ಲಾಡಿಸಿ ನೋಡಿದರು. ರೆಕ್ಕೆ ಸಿಕ್ಕಿಕೊಂಡಿತ್ತು. ಅವರ ಕಣ್ಣು ನಮ್ಮನ್ನೆಲ್ಲ ದಾಟಿ ನನ್ನ ಮೇಲೆ ನಿಂತಿತು.

“ನೀನು ಇಳಿ. ನಿಮ್ಮ ಭಾವನ ಜಾಗ ನಿಂದೇ ಅಲ್ವಾ. ಧಣಿ ಎದುರಿಗಿದಾರೆ, ಬೈಗುಳ ಗಿಯ್ಗುಳ ಬೇಡ.”

“ಬ್ಲೋವರ್ ಇಲ್ಲೇ ಇದೆಯಲ್ಲ ಸಾರ್. ಸ್ವಲ್ಪ ಹೊತ್ತು...”

“ಅದು ಅತಿಥಿಗಳದ್ದು! ಇಳೀತೀಯೋ, ಇಲ್ಲಾ ಸಂಜೆಯೊಳಗೆ ಸಾಲ್ಮನೆಯಿಂದ ಪಾತ್ರೆ ಪಗಡಾ ಹೊರಗೆ ಇಡಿಸ್ಲಾ?”

ನಾನು ಹಗ್ಗ ಕೈಗೆ ತೆಗೆದುಕೊಂಡೆ. ಮುಚ್ಚಳ ಸರಿಸಿದರು. ಆ ನಾತ ಎದ್ದು ಬಂದು ಮುಖ ನೆಕ್ಕಿತು. ಹಿಂದಿನಿಂದ ಅಕ್ಕನ ದನಿ:

“ಹಗ್ಗ ಕೆಳಗಿಡೋ ತಮ್ಮ.”

ಅವಳು ಬ್ಲೋವರಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದಳು. ಯಾರಿಗೂ ಏನೂ ಅರ್ಥವಾಗುವ ಮೊದಲೇ ಅದರ ಮೂತಿಯನ್ನು ಟ್ಯಾಂಕಿನೊಳಕ್ಕೆ ತುರುಕಿ, ಹೋಗಿ ಸ್ವಿಚ್ಚು ಒತ್ತಿದಳು.

“ಕೊಲೆ!” ಮೇನೇಜರು ಚೀರಿದರು. “ಕೊಲೆ! ಕೋಟಿಗಟ್ಲೆ ಕೊಲೆ! ಹಿಡೀರೋ ಅವಳನ್ನ!” ಗಾಬರಿಯಲ್ಲಿ ಸೀಟಿ ಬಾಯಿಗಿಟ್ಟು ಊದಿಬಿಟ್ಟರು.

ನಾವು ತರಬೇತಾದ ಜನ. ಸೀಟಿ ಕೇಳಿದ್ದೇ ತಡ, ಎಲ್ಲರೂ ಉಸಿರು ಹಿಡಿದು, ಕೈ ಪಕ್ಕೆಗೆ ಅಂಟಿಸಿ, ಕಂಬದ ಹಾಗೆ ನಿಂತೆವು. ಕೆಮ್ಮಣ್ಣ ಕೂಡ ನಿಂತ. ಅವನ ಒಂದು ಗುಂಡಿಯೂ ಅಲ್ಲಾಡಲಿಲ್ಲ.

ಮೇನೇಜರು ಕೊಳವೆ ಜಗ್ಗಿದರು. ಅದು ಟ್ಯಾಂಕಿನೊಳಗಿನ ಏಣಿಯ ಕೆಳಗಿನ ಮೆಟ್ಟಿಲಿಗೆ ಸಿಕ್ಕಿಕೊಂಡು ಬರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಯ ಕಡೆ ಓಡಿದರೆ ಅದರ ಮೇಲೆ ಅಕ್ಕ ಕೂತಿದ್ದಳು. ಅವಳ ಮಡಿಲಲ್ಲಿ ಕಸ ಗೋರುವ ಸಲಿಕೆ.

“ಏನ್ ನೋಡ್ತಿದೀಯೋ ಕತ್ತೆ, ಇಳಿದು ಕೊಳವೆ ಬಿಡಿಸು!” ಅಂದರು ಧಣಿ.

“ನಾನಾ ಧಣಿ? ಒಳಗೆ ಗಾಳಿ...”

“ಉಸ್ರು ಹಿಡ್ಕೊಂಡು ಇಳಿ. ತರಬೇತಿ ಕೊಟ್ಟೋನು ನೀನೇ ಅಲ್ವಾ?”

ಮೇನೇಜರು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಅವರು ಎರಡನೇ ಸೀಟಿ ಊದಿರಲಿಲ್ಲ, ಹಾಗಾಗಿ ನಮ್ಮಿಂದ ಉತ್ತರ ಕೊಡಲು ಆಗುವಂತಿರಲಿಲ್ಲ. ಆದರೂ ನಾನು ನಿಯಮ ಮುರಿದು ಹೋಗಿ ಅವರ ಸೊಂಟಕ್ಕೆ ಹಗ್ಗ ಕಟ್ಟಿದೆ. ಗಂಟು ಎಳೆದು ನೋಡಿದೆ. ಭಾವನಿಗೂ ಹಾಗೇ ಕಟ್ಟುತ್ತಿದ್ದೆ.

ಅವರು ಇಳಿದರು. ತಲೆ ಮರೆಯಾಯಿತು. ಕೆಮ್ಮಣ್ಣ ಅಭ್ಯಾಸಬಲದಿಂದ ಒದ್ದೆ ಗೋಣಿ ಎತ್ತಿದ. ಅಕ್ಕ ತಲೆ ಅಲ್ಲಾಡಿಸಿದಳು. ಅವನು ಕೆಳಗಿಟ್ಟ.

ಒಂದು ಕ್ಷಣ ಏನೂ ಕೇಳಲಿಲ್ಲ. ನನ್ನ ಕೈ ಹಗ್ಗದ ಮೇಲೆ ಬಿಗಿಯಾಯಿತು. ಆಮೇಲೆ ಕೆಳಗಿಂದ ಎದ್ದಿತು:

“ಲೇ, ಏಣಿ ಮುರೀತು ಕಣ್ರೋ! ಸೊಂಟದವರೆಗೆ ಹೂತ್ಕೊಂಡಿದೀನಿ! ಎಳೀರೋ ಮುಂಡೇಮಕ್ಳಾ!”

ನಾವೆಲ್ಲ ಒಟ್ಟಿಗೆ ಉಸಿರು ಬಿಟ್ಟೆವು.

“ಎಳೀರೋ ಅವನನ್ನ!” ಅಂದರು ಧಣಿ.

“ಬೈತಾ ಇದಾರಲ್ಲ ಧಣಿ,” ಅಂದಳು ಅಕ್ಕ. “ಬೈಗುಳ ನಿಂತ್ರೆ ಎಳೀತೀವಿ. ಇಲ್ಲಿಯ ಪದ್ಧತಿ ಅದೇ.”

ನಿಜಕ್ಕೂ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಬ್ಲೋವರ್ ಚೆನ್ನಾಗಿ ಊದುತ್ತಿತ್ತು. ಆ ಟ್ಯಾಂಕು ಕಟ್ಟಿದ ಮೇಲೆ ಗಾಳಿಯ ಜೊತೆಗೆ ಒಳಗಿಳಿದ ಮೊದಲ ಮನುಷ್ಯ ನಮ್ಮ ಮೇನೇಜರು. ಅವರ ದನಿ ಭಾವನ ದನಿಗಿಂತ ಗಟ್ಟಿಯಾಗಿ ಬರುತ್ತಿತ್ತು.

ಧಣಿಯ ಮೈಮೇಲಿನ ನೊರೆ ಒಣಗತೊಡಗಿತ್ತು. ಅವರು ಟ್ಯಾಂಕನ್ನು ನೋಡಿದರು, ಬ್ಲೋವರನ್ನು ನೋಡಿದರು. ಆಮೇಲೆ ತುಂಬ ಮೃದುವಾಗಿ, ಬೇರೆ ಯಾರೋ ಮಾತಾಡಿದ ಹಾಗೆ, “ಅವನು ಹೇಗೂ ಸ್ವಲ್ಪ ತಡ್ಕೋತಾನೆ. ಮೊದ್ಲು ಅದನ್ನ ಆಫ್ ಮಾಡಮ್ಮ. ಒಳಗಿನೋರು ಸಾಯ್ತಿದಾರೆ,” ಅಂದರು.

ಕೆಳಗಿನ ದನಿ ಥಟ್ಟನೆ ನಿಂತಿತು. ನಾನು ಎಳೆಯಲು ಕಾಲು ಊರಿದೆ.

“ಧಣಿ?” ಕೆಳಗಿಂದ ಕೇಳಿತು. “ಏನಂದ್ರಿ ಧಣಿ?”

“ಒಂದೇ ನಿಮಿಷ ಉಸ್ರು ಹಿಡ್ಕೊ,” ಅಂತ ಧಣಿ ಟ್ಯಾಂಕಿನೊಳಕ್ಕೆ ಕೂಗಿ, ಟವೆಲ್ಲು ಬಿಗಿಮಾಡಿಕೊಂಡು ಸ್ವಿಚ್ಚಿನ ಕಡೆ ನಡೆದರು. ಅಕ್ಕ ಕೂತಲ್ಲಿಂದ ಏಳಲಿಲ್ಲ. ಸಲಿಕೆಯನ್ನು ಮಡಿಲಿಂದ ಎತ್ತಿ ಮುಂದೆ ಹಿಡಿದಳು, ಅಷ್ಟೆ. ಅದರಿಂದ ನಿನ್ನೆಯ ಕರುಳೊಂದು ಜೋತಾಡುತ್ತಿತ್ತು. ಧಣಿ ನಿಂತರು.

ಆಗ ನೆಲದೊಳಗಿಂದ ಬಂತು, ಕಾಂಪೌಂಡು ನಡುಗುವ ಹಾಗೆ:

“ಲೋ ಧಣೀ! ನಿನ್ ಬಾಯಿಗೆ ಮುಚ್ಚಳ ಹಾಕ! ಮುಚ್ಚಳಕ್ಕೆ ಬೀಗ ಹಾಕ! ಬೀಗದ ಕೈ ನುಂಗ್ಕೊಂಡು ಕಕ್ಕಸಲ್ಲಿ...”

ಒಂದಕ್ಷರ ತಪ್ಪಿರಲಿಲ್ಲ. ಕಿವಿ ಮುಚ್ಚಿಕೊಂಡೇ ಅಷ್ಟೂ ಕಲಿತಿದ್ದರು. ಗೂಡಂಗಡಿಯವನು ಗೋಡೆಯ ಮೇಲೆ ತಲೆ ಎತ್ತಿದ. ಕೆಮ್ಮಣ್ಣ ಕೆಮ್ಮುವುದನ್ನು ಮರೆತು ಕೇಳಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ತುಟಿ ಆ ಮಾತುಗಳ ಜೊತೆಜೊತೆಗೇ ಅಲ್ಲಾಡುತ್ತಿತ್ತು.

ನನ್ನ ಕೈಯಲ್ಲಿ ಹಗ್ಗವಿತ್ತು. ಎಳೆಯುವ ಹೊತ್ತು ಇನ್ನೂ ಬಂದಿರಲಿಲ್ಲ.

“ಇನ್ನೊಂದ್ಸಲ!” ಅಂದಳು ಅಕ್ಕ.