ರತ್ನಕ್ಕನ ಹಿಡಿ ಅಕ್ಕಿ

ನನ್ನ ನಾಲಿಗೆಗೆ ಬೀಗವಿಲ್ಲ ಎಂದು ಹೆಂಡತಿ ಊರ್ಮಿಳಾ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಮದ್ರಾಸಿನ ಗಿಂಡಿಯಲ್ಲಿದ್ದ ನನ್ನ ಆಫೀಸಿನಲ್ಲಿ ಅದರಿಂದ ನನಗೆ ಹೆಸರೇ ಬಂದಿತ್ತು. ನಮ್ಮ ಕ್ರೈಸ್ತ ಸಭೆಯಲ್ಲಿ ಅದು ಒಬ್ಬಳ ಅನ್ನ ಕಿತ್ತುಕೊಂಡಿತು.

ಮದ್ರಾಸಿನಲ್ಲಿ ನಮ್ಮದು ಸಣ್ಣ ಸಭೆ. ರೈಲ್ವೆ, ಬ್ಯಾಂಕು ಅಂತ ಊರು ಬಿಟ್ಟು ಬಂದ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಇಪ್ಪತ್ತೆರಡು ಮನೆ. ತಮಿಳರ ಆರಾಧನೆ ಮುಗಿದ ಮೇಲೆ ಅವರ ದೇವಾಲಯದಲ್ಲೇ ಸಂಜೆ ನಮ್ಮ ಕನ್ನಡ ಆರಾಧನೆ. ಊರಿನಿಂದ ಒಂದು ಪದ್ಧತಿ ತಂದಿದ್ದೆವು. ಅನ್ನಕ್ಕಿಡುವ ಮೊದಲು ಹೆಂಗಸರು ಒಂದು ಹಿಡಿ ಅಕ್ಕಿ ಡಬ್ಬಿಗೆ ಹಾಕಿಡಬೇಕು, ತಿಂಗಳ ಮೊದಲ ಭಾನುವಾರ ತಂದು ವೇದಿಯ ಮುಂದಿನ ಗೋಣಿಗೆ ಸುರಿಯಬೇಕು. ಗೋಣಿ ಯಾವ ಬಡವರ ಮನೆಗೆ ಹೋಗುತ್ತದೆಂದು ಪಾದ್ರಿಗಳನ್ನೂ ಸಭೆಯ ಹಿರಿಯನಾದ ನನ್ನನ್ನೂ ಬಿಟ್ಟು ಯಾರಿಗೂ ತಿಳಿಯಬಾರದು.

ಅದು ಹೋಗುತ್ತಿದ್ದದ್ದು ಕೋಡಂಬಾಕ್ಕಂನ ರತ್ನಾವತಿಯ ಮನೆಗೆ. ಗಂಡ ಹರಿದಾಸ ಸ್ಟುಡಿಯೋದಲ್ಲಿ ನಟರ ಉಡುಪು ಹೊಲಿಯುತ್ತಿದ್ದ. ಕನ್ನಡ ಸಿನಿಮಾಗಳು ಬೆಂಗಳೂರಿಗೆ ಹೋದವು, ಕೆಲಸ ಹೋಯಿತು, ಎಪ್ಪತ್ತೆಂಟನೇ ಇಸವಿಯಲ್ಲಿ ಅವನೂ ತೀರಿಹೋದ. ಮಕ್ಕಳಿಲ್ಲ. ರವಿಕೆಗಳಿಗೆ ಹುಕ್ಕು ಹಾಕಿಕೊಟ್ಟು ಬದುಕುತ್ತಿದ್ದಳು. ಗೋಣಿ ತುಂಬಿದ ಮುಂದಿನ ಶನಿವಾರ ನಾನು ಆ ಅಕ್ಕಿಯ ಚೀಲ ಕೊಡುವಾಗ ಅವಳು ಮುಖ ಎತ್ತುತ್ತಿರಲಿಲ್ಲ. ಡಬ್ಬಿ ತರುವ ಭಾನುವಾರ ಮಾತ್ರ ಎಲ್ಲರ ಜೊತೆ ಸಾಲಿನಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದಳು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಗೋಣಿ ಹಿಡಿದು ನಿಂತವನು ನಾನೇ. ಒಬ್ಬರದು ಕುಚ್ಚಲಕ್ಕಿ, ಒಬ್ಬರದು ಬಿಳಿಯ ಬೆಳ್ತಿಗೆ ಅಕ್ಕಿ, ಇನ್ನೊಬ್ಬರದು ರೇಷನ್ ಅಕ್ಕಿ. ರತ್ನಾವತಿಯ ಡಬ್ಬಿಯಿಂದ ಬಿದ್ದದ್ದು ಮೂರೂ ಬೆರೆತದ್ದು. ನಮ್ಮ ಗೋಣಿಯದೇ ಅಕ್ಕಿ!

“ಎಂತ ರತ್ನಕ್ಕ, ನಾವು ಕೊಟ್ಟದ್ದು ನಮಗೇ ವಾಪಸಾ?” ಎಂದು ನಕ್ಕೆ. “ನೀವು ಕೊಡುವುದು ಬೇಡ ಮಾರಾಯ್ರೆ, ನಿಮಗೇ ಇರಲಿ.”

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಗೋಣಿ ಯಾರ ಮನೆಗೆ ಹೋಗುತ್ತದೆಂದು ಸಾಲಿಗೆಲ್ಲ ತಿಳಿದುಹೋಯಿತು. ಹಿಂದಿದ್ದ ಜಲಜಾ ಕತ್ತು ಚಾಚಿ ಡಬ್ಬಿಯೊಳಗೆ ನೋಡಿದಳು.

“ಹಿಡಿ ತೆಗೆದಿಡದೆ ನಾನು ಒಂದು ದಿನವೂ ಅನ್ನಕ್ಕೆ ಇಟ್ಟವಳಲ್ಲ, ಕಮಲಾಕರಣ್ಣ,” ಎಂದಳು ರತ್ನಾವತಿ. ಡಬ್ಬಿ ಮುಚ್ಚಿ ಹೊರಟುಹೋದಳು.

ಮುಂದಿನ ಶನಿವಾರ ಚೀಲ ಒಯ್ದರೆ ಅವಳು ಬಾಗಿಲು ತೆರೆಯಲಿಲ್ಲ. “ನನಗೆ ಉಂಟು. ಇಲ್ಲದವರಿಗೆ ಕೊಡಿ,” ಎಂದಳು ಒಳಗಿನಿಂದ. ಊರ್ಮಿಳಾ ಹೋಗಿ ಅತ್ತಳು, ಪಾದ್ರಿಗಳು ಹೋಗಿ ಬೇಡಿಕೊಂಡರು. ನಾನು ಹೊಸ್ತಿಲಲ್ಲಿ ಕೂತು ತಪ್ಪಾಯಿತು ಎಂದೆ. ಅವಳು ಕೋಪಿಸಿಕೊಳ್ಳಲೂ ಇಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಐದು ತಿಂಗಳಿಗೆ ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೈಯಲ್ಲಿ ಏನೂ ಉಳಿದಿರಲಿಲ್ಲ. ಮಣ್ಣು ಮಾಡಿ ಬಂದಾಗ ಪಕ್ಕದ ಮನೆಯ ತಮಿಳು ಹೆಂಗಸು ಆ ಡಬ್ಬಿಯನ್ನು ನನ್ನ ಕೈಗಿಟ್ಟಳು. ಕೊನೆಕೊನೆಗೆ ದಿನಕ್ಕೆ ಒಂದೇ ಹೊತ್ತು ಗಂಜಿಯಂತೆ. ಆ ಅಕ್ಕಿಯಿಂದಲೂ ಮೊದಲು ಇದಕ್ಕೆ ಒಂದು ಹಿಡಿ ಹಾಕುತ್ತಿದ್ದಳಂತೆ. ಮುಚ್ಚಳ ತೆಗೆದೆ. ಕಂಠದವರೆಗೆ ರೇಷನ್ ಅಕ್ಕಿ. ಬೇರೆ ಯಾರ ಮನೆಯದೂ ಒಂದು ಕಾಳು ಬೆರೆತಿರಲಿಲ್ಲ.

ಭಾನುವಾರ ಅದನ್ನು ಗೋಣಿಗೆ ಸುರಿದೆ. ಈ ಸಲ ಯಾರ ಮನೆಗೆ ಎಂದು ಪಾದ್ರಿಗಳು ಕೇಳಿದರು. ರತ್ನಾವತಿ ಡಬ್ಬಿ ಮುಚ್ಚಿ ಹೋದ ದಿನ ಅದೇ ಸಾಲಿನಲ್ಲಿದ್ದ, ನಮ್ಮ ಸಭೆಯ ಬೇಬಿ ಎಂಬವಳ ಗಂಡನಿಗೆ ಎರಡು ತಿಂಗಳಿಂದ ಕೆಲಸವಿರಲಿಲ್ಲ. ಚೀಲ ಹೊತ್ತು ಅವಳ ಮನೆಗೆ ಹೋದೆ. ಒಳಗೆ ಮಗು ಹಸಿದು ಅಳುತ್ತಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತು, “ನಮಗೆಂತ ಕಡಿಮೆ ಆಗಿದೆ ಅಣ್ಣ? ನಮಗೆ ಬೇಡ,” ಎಂದಳು.