ನಾಲ್ಕನೇ ಟ್ರ್ಯಾಕ್

“ನಿಧಾನ ಕಣಯ್ಯಾ, ನಿಧಾನ! ಒಳಗೆ ಗಾಜಿನ ವಾಲ್ವ್ ಇದೆ. ನಿನ್ನ ಬಸ್ಸಲ್ಲ ಇದು!”

“ಬಸ್ಸಾಗಿದ್ರೆ ಇಷ್ಟೊತ್ತಿಗೆ ಹಾಲ್ ಒಳಗೇ ನಿಲ್ಲಿಸಿರ್ತಿದ್ದೆ. ನೀನು ನಿನ್ನ ಕಡೆ ಎತ್ತು ಮೊದ್ಲು.”

ಹಲ್ಲಿನ ಡಾಕ್ಟರೂ ಬಸ್ ಡ್ರೈವರೂ ಸೇರಿ ಆ ಹಳೆಯ ಆಂಪ್ಲಿಫೈಯರನ್ನು ಮೂರು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂತು. ಡಾಕ್ಟರು ಡ್ರಮ್ಮಿನವನು, ಡ್ರೈವರು ಬೇಸ್ ಗಿಟಾರಿನವನು. ಅವರ ಬ್ಯಾಂಡಿನಲ್ಲಿ ಇದ್ದದ್ದೇ ಮೂವರು. ಮೂರನೆಯವನು, ಗಿಟಾರಿನವನು, ಹಾಲಿನ ಆ ತುದಿಯಲ್ಲಿ ಪೆಟ್ಟಿಗೆಯೊಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಲಗಿದ್ದ. ಇಸ್ತ್ರಿ ಅಂಗಿಯಲ್ಲಿ ಅವನನ್ನು ಇಬ್ಬರೂ ಹೆಚ್ಚು ಸಲ ನೋಡಿರಲಿಲ್ಲ.

ಅವನದು ಲಿಫ್ಟ್ ರಿಪೇರಿ ಕೆಲಸ. ಮೊನ್ನೆ ಬೆಳಗ್ಗೆ ಕೆಲಸಕ್ಕೆ ಹೊರಟವನು ಶೂ ಲೇಸು ಕಟ್ಟಲು ಬಗ್ಗಿದ್ದ, ಮೇಲೇಳಲಿಲ್ಲ. ಐವತ್ತೆರಡು ಸಾಯುವ ವಯಸ್ಸೇನೂ ಅಲ್ಲ. ಬಂದವರೆಲ್ಲ ಅದನ್ನೇ ಹೇಳಿ ಕುರ್ಚಿಗಳಲ್ಲಿ ಕೂತಿದ್ದರು.

ಡಾಕ್ಟರು ಆಂಪ್ಲಿಫೈಯರಿನ ವೈರು ಚುಚ್ಚಿ ಸ್ವಿಚ್ಚು ಹಾಕಿದ. ಮುಂಭಾಗದಲ್ಲಿ ಹುಣಸೆಬೀಜದಷ್ಟು ದೊಡ್ಡ ಕೆಂಪು ದೀಪ ಹತ್ತಿಕೊಂಡಿತು. “ಇನ್ನೂ ಐದು ನಿಮಿಷ ಯಾರೂ ಮುಟ್ಟಬೇಡಿ, ವಾಲ್ವ್ ಬಿಸಿಯಾಗ್ಬೇಕು,” ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿದ. “ಅದಕ್ಕೂ ನಿದ್ದೆಯಿಂದ ಏಳೋಕೆ ಟೈಮ್ ಬೇಕು ಅನ್ನೋನು ಇವ್ನು. ನನಗೆ ಐದು ನಿಮಿಷ ಲೇಟಾದ್ರೆ ಮಾತ್ರ ಬಾಯಿಗೆ ಬಂದಂಗೆ ಬೈಯ್ಯೋನು.”

ಲಿಫ್ಟ್ ಕಂಪನಿಯಿಂದ ಬಂದ ಇಬ್ಬರು ನಕ್ಕರು. ನಕ್ಕದ್ದು ನೋಡಿ ಡ್ರೈವರಿಗೆ ಹುರುಪು ಬಂತು.

“ಇವ್ನು ಹಾಡಿದ್ದು ಜೀವಮಾನದಲ್ಲಿ ಒಂದೇ ಸಲ ಕಣ್ರಪ್ಪಾ. ಇಪ್ಪತ್ತೆರಡು ವರ್ಷದ ಹಿಂದೆ, ಹೆಂಡ್ತಿಗೋಸ್ಕರ. ಏನ್ ಹಾಡಿದ್ದ ಅಂತೀರಿ! ನಾವಿಬ್ರೂ ಬಾಯಿ ಬಿಟ್ಕೊಂಡು ನಿಂತಿದ್ವಿ. ಊಟ ಮಾಡ್ಕೊಂಡು ಬಂದು ಕೇಳೋಣ ಅಂತ ಹೋಗಿ ಬಂದ್ರೆ, ಟೇಪಲ್ಲಿ ಏನೂ ಇಲ್ಲ! ತನ್ನ ದನಿ ತಾನೇ ಅಳಿಸಿಬಿಟ್ಟಿದ್ದ ಮಹಾನುಭಾವ!”

“ಅಂಥೋನ ಕೈಗೆ ಊರಿನ ಲಿಫ್ಟೆಲ್ಲ ಕೊಟ್ಟು ನಾವು ಹತ್ತಿ ಇಳೀತಿದ್ವಲ್ಲ, ನಮ್ಮ ಧೈರ್ಯ ಮೆಚ್ಚಬೇಕು,” ಎಂದ ಡಾಕ್ಟರು.

ಎಲ್ಲರೂ ನಕ್ಕರು. ಗೋಡೆಗೊರಗಿ ನಿಂತಿದ್ದ, ಸತ್ತವನ ತಮ್ಮನೂ ತುಟಿ ಅಗಲಿಸಿದ. ಈ ನಗೆಮಾತನ್ನು ಅವನು ಇಪ್ಪತ್ತೆರಡು ವರ್ಷದಿಂದ ಕೇಳುತ್ತಲೇ ಬಂದಿದ್ದ. ಕೇಳಿದಾಗಲೆಲ್ಲ ಅಣ್ಣನ ಮುಖ ನೋಡುತ್ತಿದ್ದ, ಅಣ್ಣ ಸುಮ್ಮನೆ ನಗುತ್ತಿದ್ದ. ಇವತ್ತು ನೋಡಲು ಆ ಮುಖವೂ ಇರಲಿಲ್ಲ.

ಅತ್ತಿಗೆ ಕುರ್ಚಿಗಳ ಸಾಲು ದಾಟಿ ಅವನ ಬಳಿ ಬಂದಳು.

“ನೀನು ನನ್ ಜೊತೆ ಮನೆಗೆ ಬಾ. ಗ್ಯಾರೇಜಿಂದ ಟೇಪ್ ಮಷೀನು ತರ್ಬೇಕು. ಮೂರು ಗಂಟೆಗೆ ಗಾಡಿ ಬರುತ್ತೆ, ಅಷ್ಟರಲ್ಲಿ ಇವರ ಹಾಡು ಹಾಕ್ಬೇಕು.”

“ಯಾವ ಹಾಡು ಅತ್ತಿಗೆ?”

“ಅದೇ, ಅಳಿಸಿಹೋಯ್ತು ಅಂತ ಎಲ್ರೂ ನಗ್ತಾರಲ್ಲ, ಅದು.”

“ಅದು... ಅಳಿಸಿಹೋಗಿದೆಯಲ್ಲ.”

“ಇಲ್ಲ ಕಣೋ. ನಿಮ್ಮಣ್ಣ ಸುಳ್ಳು ಹೇಳ್ತಿದ್ರು.” ಅತ್ತಿಗೆ ದನಿ ತಗ್ಗಿಸಿದಳು. “ವರ್ಷಕ್ಕೆ ಎರಡ್ಮೂರು ಸಲ ಹೆಡ್‌ಫೋನ್ ಹಾಕ್ಕೊಂಡು ಅದನ್ನೇ ಕೇಳೋರು. ಕಿಟಕಿಯಿಂದ ನೋಡಿದೀನಿ ನಾನು. ಒಬ್ರೇ ಕೂತು ನಗೋರು. ಏನ್ರೀ ಅದು ಅಂದ್ರೆ, ಏನಿಲ್ಲ ಕಣೇ, ಹಳೇ ಟೇಪು ಅನ್ನೋರು. ನನಗೋಸ್ಕರ ಹಾಡಿದ್ದು, ನನಗೇ ಕೇಳಿಸ್ಲಿಲ್ಲ. ನಾಚ್ಕೆ ಇರ್ಬೇಕು ಅಂತ ನಾನೂ ಸುಮ್ನಿದ್ದೆ. ಇವತ್ತು ಇನ್ಯಾರ ನಾಚ್ಕೆ? ನಡಿ.”

ಅವಳು ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ಅವನು ಕಾಲೆಳೆದುಕೊಂಡು ಹಿಂದೆ ನಡೆದ.

*

ಆಗ, ಇಪ್ಪತ್ತೆರಡು ವರ್ಷದ ಹಿಂದೆ, ತಮ್ಮನಿಗೆ ಹತ್ತೊಂಬತ್ತು. ಅತ್ತಿಗೆ ಬೇರೆ ಊರಿನ ಗಾರ್ಮೆಂಟ್ ಫ್ಯಾಕ್ಟರಿಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದಳು. ಮದುವೆಯಾಗಿ ವರ್ಷವಾಗಿರಲಿಲ್ಲ. ಅಣ್ಣ ತಟ್ಟೆ ತೊಳೆಯುವಾಗ, ಶೂ ಪಾಲಿಶ್ ಮಾಡುವಾಗ ಯಾವುದೋ ಹಾಡು ಗುನುಗಲು ಶುರುಮಾಡಿದ. ತಾನೇ ಕಟ್ಟಿದ್ದು. ಯಾರಾದರೂ ಬಂದರೆ ಟಪ್ಪನೆ ಬಾಯಿ ಮುಚ್ಚುತ್ತಿದ್ದ. ಬಾಗಿಲ ಮರೆಯಲ್ಲಿ ನಿಂತು ತಮ್ಮ ಪೂರ್ತಿ ಕಲಿತುಬಿಟ್ಟಿದ್ದ.

ಗ್ಯಾರೇಜಿನಲ್ಲಿ ಕಾರು ಎಂದೂ ನಿಂತದ್ದಿಲ್ಲ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು, ಮಧ್ಯೆ ಡ್ರಮ್ಮು ಇಟ್ಟು, ಮೂಲೆಯಲ್ಲಿ ಗುಜರಿಯಿಂದ ತಂದ ಟೇಪ್ ಮಷೀನು ಕೂರಿಸಿದ್ದರು. ಅದು ನಾಲ್ಕು ಟ್ರ್ಯಾಕಿನ ಮಷೀನು. ಒಂದೇ ಟೇಪಿನ ಮೇಲೆ ನಾಲ್ಕು ಸಾಲು, ಒಂದೊಂದು ಸಾಲಿನಲ್ಲಿ ಒಂದೊಂದನ್ನು ಬೇರೆ ಬೇರೆ ಹೊತ್ತಿನಲ್ಲಿ ತುಂಬಬಹುದು. ತುಂಬಿದ ಸಾಲಿನ ಮೇಲೆ ಮತ್ತೆ ರೆಕಾರ್ಡ್ ಒತ್ತಿದರೆ ಮೊದಲಿನದು ಹೋಯಿತು, ಬ್ರಹ್ಮ ಬಂದರೂ ವಾಪಸು ಬಾರದು. ಅದಕ್ಕೇ ಅಣ್ಣನದೊಂದು ಕಟ್ಟುನಿಟ್ಟು ಇತ್ತು. ಯಾವ ಟ್ರ್ಯಾಕಿನಲ್ಲಿ ಏನಿದೆ ಎಂದು ಟೇಪಿನ ಡಬ್ಬಿಯೊಳಗಿನ ಚೀಟಿಯಲ್ಲಿ ಕೂಡಲೇ ಬರೆಯಬೇಕು. ಬರೆಯದೆ ಯಾರೂ ಎದ್ದು ಹೋಗುವ ಹಾಗಿಲ್ಲ.

ಆ ದಿನ ಅಣ್ಣನೇ ಬರೆಯದೆ ಎದ್ದು ಹೋಗಿದ್ದ. ಹಾಡಿದ ಖುಷಿಗೆ ಮೂವರೂ ಮೈಮರೆತು ಊಟಕ್ಕೆ ಹೊರಟಿದ್ದರು. ಆಮೇಲೆ ಬಂದ ತಮ್ಮನಿಗೆ ಕಂಡದ್ದು ಖಾಲಿ ಗ್ಯಾರೇಜು, ಮೂರೇ ಸಾಲು ಬರೆದ ಚೀಟಿ: ಡ್ರಮ್ಮು, ಬೇಸು, ಗಿಟಾರು. ನಾಲ್ಕನೆಯದು ಖಾಲಿ.

ಅವನು ಹೆಡ್‌ಫೋನ್ ಹಾಕಿಕೊಂಡ. ನಾಲ್ಕನೇ ಟ್ರ್ಯಾಕಿನ ಕೆಂಪು ಗುಂಡಿ ಒತ್ತಿದ. ಕಿವಿಯಲ್ಲಿ ಅಣ್ಣನ ಗಿಟಾರು ಗುಡುಗಿತು, ಅವನು ಮೈಕಿನ ಮುಂದೆ ಕಣ್ಣುಮುಚ್ಚಿ ಅಣ್ಣನಾಗಿ ಹಾಡಿದ. ಹಾಡು ಇನ್ನೂ ಮುಗಿದಿರಲಿಲ್ಲ, ಗೇಟಿನ ಸದ್ದಾಯಿತು. ಗುಂಡಿ ಎತ್ತಿ, ಟೇಪನ್ನು ಹಿಂದಕ್ಕೆ ಸುತ್ತಿಟ್ಟು, ಏನೂ ಅರಿಯದವನ ಹಾಗೆ ಸ್ಟೂಲಿನ ಮೇಲೆ ಕೂತ.

“ಕೇಳೋ ಕೇಳೋ, ನಿಮ್ಮಣ್ಣ ಹಾಡಿದಾನೆ!” ಎಂದು ಡ್ರೈವರು ಕೂಗುತ್ತಾ ಬಂದ. ತಮ್ಮ ಚೀಟಿಯ ಖಾಲಿ ಸಾಲನ್ನು ಮತ್ತೆ ನೋಡಿದ.

ಅಣ್ಣ ಮೊದಲು ತಾನೊಬ್ಬನೇ ಕೇಳುತ್ತೇನೆಂದು ಹೆಡ್‌ಫೋನ್ ಹಾಕಿಕೊಂಡ. ಮೂರು ನಿಮಿಷ. ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಏನೂ ಇಲ್ಲ ಕಣ್ರೋ. ಹೋಗೋವಾಗ ನಾನೇ ಅವಸರದಲ್ಲಿ ತಪ್ಪು ಗುಂಡಿ ಒತ್ತಿಬಿಟ್ಟೆ.”

ಏನೂ ಇಲ್ಲ ಎಂದ ಮೇಲೆ ಮೈಕು ಆನ್ ಇರಲಿಲ್ಲ, ತನ್ನ ದನಿ ದಾಖಲಾಗಿಲ್ಲ, ತಾನು ಅಳಿಸಿದ್ದಷ್ಟೇ ನಿಜ ಎಂದುಕೊಂಡ ತಮ್ಮ. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಅಣ್ಣನ ಬೆನ್ನಿಗೊಂದು ಗುದ್ದಿ ನಗಲು ಶುರುಮಾಡಿದ್ದ. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಬರಲೇ ಇಲ್ಲ.

ಇನ್ನೊಂದು ಸಲ ಹಾಡು ಎಂದು ಇಬ್ಬರೂ ಎಷ್ಟು ಗೋಗರೆದರೂ ಅಣ್ಣ ಹಾಡಲಿಲ್ಲ. “ಅವತ್ತು ಬಂದಿದ್ದು ಅವತ್ತಿಗಾಯ್ತು,” ಎನ್ನುತ್ತಿದ್ದ.

*

ಗ್ಯಾರೇಜಿನ ಬಾಗಿಲಲ್ಲಿ ತಮ್ಮ ನಿಂತುಬಿಟ್ಟ. ಕನ್ನಡಕದ ಅಂಗಡಿ ಇಟ್ಟು, ಮದುವೆಯಾಗಿ, ಪ್ರತಿ ಭಾನುವಾರ ಈ ಮನೆಗೆ ಬಂದರೂ ಅಡಿಗೆಮನೆಯಲ್ಲಿ ಕೂತು ಹೋಗುತ್ತಿದ್ದ. ಗ್ಯಾರೇಜಿಗೆ ಕರೆದರೆ ಧೂಳು ಆಗಲ್ಲ ಎನ್ನುತ್ತಿದ್ದ.

“ಬಾರೋ. ಇವತ್ತೊಂದಿನ ಧೂಳು ಸಹಿಸ್ಕೋ,” ಎಂದಳು ಅತ್ತಿಗೆ.

ಬೆಂಚಿನ ಮೇಲೆ ಬೆಸುಗೆ ಹಾಕುವ ಕಡ್ಡಿ, ಅರ್ಧ ಬಿಚ್ಚಿದ ಸ್ಪೀಕರು, ಅಣ್ಣನ ಓದುವ ಕನ್ನಡಕ. ಕನ್ನಡಕ ಇವನೇ ಮಾಡಿಕೊಟ್ಟದ್ದು. ಅತ್ತಿಗೆ ಟೇಪ್ ಮಷೀನಿನ ಮೇಲಿನ ಬಟ್ಟೆ ಸರಿಸಿದಳು.

“ಇದರ ಬೆಲ್ಟು ಹೋದಾಗ ನನ್ ಹೊಲಿಗೆ ಮಷೀನಿನ ಬೆಲ್ಟ್ ಬಿಚ್ಕೊಂಡು ಹಾಕಿದ್ರು ಮಹಾರಾಯರು. ಗಿರಾಕಿ ಬಂದು ಕೂತಿದಾರೆ, ನಾನು ಮಷೀನು ತುಳೀತೀನಿ, ಸೂಜಿ ಅಲ್ಲಾಡಲ್ಲ!” ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಾಕು. ನೀನಾದ್ರೆ ನೋಡಿ ಕಲ್ತಿದೀಯ.”

“ಅತ್ತಿಗೆ, ಅದ್ರಲ್ಲಿ ಅಣ್ಣನ ದನಿ ಇಲ್ಲ.”

“ನಿನಗೆ ಹೇಗೆ ಗೊತ್ತು?”

“ಅಳಿಸಿದ್ದು ನಾನು.”

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಖಾಲಿ ಚೀಟಿ, ಕೆಂಪು ಗುಂಡಿ, ಗೇಟಿನ ಸದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಹತ್ತೊಂಬತ್ತರ ಹುಡುಗನ ಹಾಗೆ ಬಿಕ್ಕಿದ.

“ಇಪ್ಪತ್ತೆರಡು ವರ್ಷ ಇಟ್ಕೊಂಡಿದ್ಯಾ ಇದನ್ನ?”

“ಹೂಂ.”

“ನಿಮ್ಮಣ್ಣಂಗೆ ಗೊತ್ತಿತ್ತಾ?”

“ಗೊತ್ತಿರ್ಲಿಲ್ಲ. ಟೇಪಲ್ಲಿ ಏನೂ ಇಲ್ಲ ಅಂದ.”

“ಏನೂ ಇಲ್ಲದ ಟೇಪನ್ನ ಕೂತ್ಕೊಂಡು ಕೇಳಿ ನಗ್ತಾರೇನೋ ಯಾರಾದ್ರೂ? ಹಾಕು ನೀನು.”

ಡಬ್ಬಿ ಮೇಲಿನ ಹಲಗೆಯಲ್ಲೇ ಇತ್ತು, ಕೈಗೆ ಸಿಗುವ ಹಾಗೆ. ತೆರೆದರೆ ಅದೇ ಚೀಟಿ, ಹಳದಿಯಾಗಿತ್ತು. ಡ್ರಮ್ಮು, ಬೇಸು, ಗಿಟಾರು. ಅವುಗಳ ಕೆಳಗೆ ನಾಲ್ಕನೇ ಸಾಲಿನಲ್ಲಿ ಅಣ್ಣನ ದಪ್ಪಕ್ಷರ:

೪. ತಮ್ಮ. ಇದನ್ನು ಅಳಿಸಬಾರದು.

ತಮ್ಮ ಅದನ್ನು ಅತ್ತಿಗೆಯ ಕೈಗೆ ಕೊಟ್ಟ. ಟೇಪನ್ನು ಚಕ್ರಕ್ಕೆ ಸಿಕ್ಕಿಸಲು ಮೂರು ಸಲ ಬೇಕಾಯಿತು. ಮಷೀನಿನ ಪುಟ್ಟ ಸ್ಪೀಕರಿನಿಂದ ಡ್ರಮ್ಮು ಸಿಡಿಯಿತು, ಗಿಟಾರು ಬಂತು, ಅದರ ಮೇಲೆ ಒಂದು ಎಳೆಯ, ಒಡಕು ದನಿ ಶ್ರುತಿ ಅತ್ತಿತ್ತ ತಪ್ಪುತ್ತಾ, ಇಲ್ಲದ ಗಾಂಭೀರ್ಯ ತಂದುಕೊಂಡು ಹಾಡಿತು.

“ಅಯ್ಯೋ ದೇವ್ರೇ, ನೀನು!” ಎಂದಳು ಅತ್ತಿಗೆ.

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಣ್ಣ ಎಲ್ಲ ಕೇಳಿದ್ದ. ಮೊದಲ ದಿನವೇ ಕೇಳಿದ್ದ. ಹೆಂಡತಿಗೆ ಕೇಳಿಸಿದ್ದರೆ ತಮ್ಮ ಸಿಕ್ಕಿಬೀಳುತ್ತಿದ್ದನೆಂದು ಅವಳಿಗೂ ಕೇಳಿಸಿರಲಿಲ್ಲ.

“ನಿನ್ನ ಬಿಟ್ಕೊಡಬಾರ್ದು ಅಂತ ನನ್ನೇ ಹೊರಗಿಟ್ರಲ್ಲೋ,” ಎಂದಳು ಅತ್ತಿಗೆ. ಅವಳಿಗೆ ನೋವಾಗಿತ್ತು. ಆದರೆ ಅವಳ ಕೈ ಅವನ ಬೆನ್ನ ಮೇಲಿತ್ತು.

ಕೊನೆಯ ಚರಣದ ನಡುವೆ ಆ ಎಳೆಯ ದನಿ ಹಾಡುವುದನ್ನು ಬಿಟ್ಟು ತನ್ನಷ್ಟಕ್ಕೆ ಹೇಳಿಕೊಂಡಿತು: “ಥೂ. ಅಣ್ಣನ ಥರ ಬರಲ್ಲ ನಂಗೆ.” ದೂರದಲ್ಲಿ ಗೇಟು ಕಿರುಗುಟ್ಟಿತು. ಕ್ಲಿಕ್ ಎಂದು ಸದ್ದಾಯಿತು. ಅವನು ಮಷೀನು ನಿಲ್ಲಿಸಲು ಕೈ ಚಾಚಿದ.

ಅತ್ತಿಗೆ ಅವನ ಮಣಿಕಟ್ಟು ಹಿಡಿದುಕೊಂಡಳು. ಟೇಪು ಇನ್ನೂ ಓಡುತ್ತಿತ್ತು.

*

ಎರಡೂಮುಕ್ಕಾಲಿಗೆ, ಹಾಲಿನಲ್ಲಿ ಟೇಪ್ ಮಷೀನನ್ನು ಆಂಪ್ಲಿಫೈಯರಿಗೆ ಜೋಡಿಸಿದ ತಮ್ಮ ಎಲ್ಲರ ಮುಂದೆ ನಿಂತ. ಭಾಷಣ ಗೀಷಣ ಅವನಿಗೆ ಬರುತ್ತಿರಲಿಲ್ಲ.

“ಆ ಹಾಡು ಅಳಿಸಿದ್ದು ಅಣ್ಣ ಅಲ್ಲ. ನಾನು. ಅವನಿಗೆ ಗೊತ್ತಿತ್ತು. ನೀವೆಲ್ಲ ನಗೋವಾಗ ಅವನೂ ನಕ್ಕ, ಅಷ್ಟೆ.” ಅವನು ಡಾಕ್ಟರ ಕಡೆ ತಿರುಗಿದ. “ಆ ಗುದ್ದು ನನಗೆ ಬೀಳಬೇಕಿತ್ತು.”

ಡಾಕ್ಟರು ಪೆಟ್ಟಿಗೆಯ ಕಡೆ ನೋಡಿದ. “ಕಳ್ಳ,” ಎಂದ. “ಒಂದು ಮಾತು ಬಾಯಿ ಬಿಡ್ಲಿಲ್ಲ ನೋಡು, ಕಳ್ಳ.”

ತಮ್ಮ ಗುಂಡಿ ಒತ್ತಿದ. ಹಳೆಯ ಆಂಪ್ಲಿಫೈಯರು ಬಿಸಿಯಾಗಿ ಸುಟ್ಟ ಧೂಳಿನ ವಾಸನೆ ಬಿಡುತ್ತಿತ್ತು. ಡ್ರಮ್ಮಿನ ಮೊದಲ ಹೊಡೆತಕ್ಕೆ ಹಾಲಿನ ಕಿಟಕಿಗಳು ಅದುರಿದವು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಡ್ರೈವರಿನ ಎಡಗೈ ತೊಡೆಯ ಮೇಲೆ ಇಲ್ಲದ ತಂತಿಗಳನ್ನು ಹುಡುಕಿತು. ಹುಡುಗನ ದನಿ ಶುರುವಾಯಿತು. ಮೊದಲು ಲಿಫ್ಟಿನವರು ಕಿಸಕ್ಕೆಂದರು, ಆಮೇಲೆ ಅಜ್ಜಿ, ಆಮೇಲೆ ಹಾಲಿಗೆ ಹಾಲೇ ನಕ್ಕಿತು. ತಮ್ಮ ಕಿವಿವರೆಗೂ ಕೆಂಪಾದ, ಆದರೆ ದನಿ ತಗ್ಗಿಸಲಿಲ್ಲ.

“ಥೂ. ಅಣ್ಣನ ಥರ ಬರಲ್ಲ ನಂಗೆ.”

ನಗು ಇನ್ನೂ ಜೋರಾಯಿತು. ಆಗ ಅತ್ತಿಗೆ ಒಂದು ಬೆರಳು ಮೇಲೆತ್ತಿದಳು. ಗಂಡನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಆಕೆ ಹಾಗೆ ಬೆರಳೆತ್ತಿದ್ದು ನೋಡಿ ಎಲ್ಲರೂ ಸುಮ್ಮನಾದರು. ಗೇಟು ಕಿರುಗುಟ್ಟಿತು. ಕ್ಲಿಕ್.

ತಮ್ಮ ಅವತ್ತು ಗುಂಡಿ ಎತ್ತಿದ್ದು ಅಲ್ಲಿ. ಅಲ್ಲಿಂದ ಮುಂದಕ್ಕೆ ಅಳಿಸಿರಲಿಲ್ಲ. ಅದೇ ಡ್ರಮ್ಮು, ಅದೇ ಗಿಟಾರು, ಈಗ ಅವುಗಳ ನಡುವಿನಿಂದ ಮೂವತ್ತರ ಗಂಡಸಿನ ದನಿ ಒಂದೇ ಒಂದು ಸಾಲು, ಎರಡು ಸಲ:

“ದೀಪ ಆರಿಸಿಲ್ಲ ಕಣೇ, ನಿಧಾನ ಬಾ.
ದೀಪ ಆರಿಸಿಲ್ಲ ಕಣೇ, ನಿಧಾನ ಬಾ.”

ಟೇಪಿನ ತುದಿ ಚಕ್ರದಿಂದ ಬಿಡಿಸಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಅತ್ತಿಗೆ ಎತ್ತಿದ ಬೆರಳನ್ನು ಮೆಲ್ಲಗೆ ಕೆಳಗಿಳಿಸಿ ಪೆಟ್ಟಿಗೆಯ ಅಂಚಿನ ಮೇಲಿಟ್ಟಳು.

“ಹೂಂ ರೀ,” ಎಂದಳು.

ಹೊರಗೆ ಗಾಡಿಯ ಹಾರ್ನು ಕೇಳಿಸಿತು. ಪೆಟ್ಟಿಗೆಯ ಒಂದು ಮೂಲೆಗೆ ತಮ್ಮ ನಿಂತ, ಡಾಕ್ಟರು ಇನ್ನೊಂದಕ್ಕೆ, ಲಿಫ್ಟಿನವರಿಬ್ಬರು ಹಿಂದೆ. ಡ್ರೈವರು ಹೋಗುವ ಮುನ್ನ ಆಂಪ್ಲಿಫೈಯರಿನ ಸ್ವಿಚ್ಚಿಗೆ ಬಗ್ಗಿದ.

“ಅದು ಇರ್ಲಿ,” ಎಂದಳು ಅತ್ತಿಗೆ. “ಬಂದು ನಾನೇ ಆರಿಸ್ತೀನಿ.”

ಒಬ್ಬೊಬ್ಬರಾಗಿ ಎಲ್ಲರೂ ಮೆಟ್ಟಿಲಿಳಿದರು. ಓರೆಯಾದ ಕುರ್ಚಿಗಳ ಆಚೆ, ಗೋಡೆಯ ಪಕ್ಕದಲ್ಲಿ, ಹುಣಸೆಬೀಜದ ಗಾತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು.